ಕುಕ್ಕರಹಳ್ಳಿ ಕೆರೆಗೊಂದು ನಿಧಾನದ ಸುತ್ತು

ಮೈಸೂರಿನ ಕುಕ್ಕರಹಳ್ಳಿ ಕೆರೆಯ ಸುತ್ತಲಿನ ಕಾಲುದಾರಿ ಸುಮಾರು 4.5 ಕಿಲೋಮೀಟರ್ ಉದ್ದ. ಮೈ ಬೆವರಲೆಂದು ಬರುವವರು ಇದನ್ನು ಒಂದು ಗಂಟೆಯೊಳಗೆ ಮುಗಿಸಿ ಕಾಫಿಗೆ ಹೊರಡುತ್ತಾರೆ. ಅದೇ ದಾರಿಗೆ ಎರಡೂವರೆ ಗಂಟೆ ಕೊಟ್ಟರೆ ಏನೆಲ್ಲ ಕಾಣುತ್ತದೆ, ಎಲ್ಲಿ ನಿಂತರೆ ಯಾವ ಹಕ್ಕಿ ಕಾಣುತ್ತದೆ, ಅದು ಅಲ್ಲೇ ಯಾಕಿರುತ್ತದೆ ಎಂಬುದನ್ನು ಇಲ್ಲಿ ಹೇಳುತ್ತೇನೆ. ದಾರಿ ಸಮತಟ್ಟು. ಹತ್ತುವ ಗುಡ್ಡವಿಲ್ಲ, ದಾಟುವ ಹಳ್ಳವಿಲ್ಲ. ಮೊಮ್ಮಕ್ಕಳ ಕೈ ಹಿಡಿದ ಅಜ್ಜಿಯೂ ಆರಾಮವಾಗಿ ನಡೆಯಬಹುದು. ನಡುನಡುವೆ ಕೂರಲು ಕಲ್ಲುಬೆಂಚುಗಳಿವೆ. ರೈಲು ನಿಲ್ದಾಣದಿಂದ ಆಟೊದಲ್ಲಿ ಸ್ವಲ್ಪವೇ ದೂರ. ಗೇಟು ತೆರೆಯುವುದು ಬೆಳಗಿನ ಹೊತ್ತು ಮತ್ತು ಸಂಜೆಯ ಹೊತ್ತು. ಸಮಯ ಆಗಾಗ ಬದಲಾಗುವುದರಿಂದ ಹಿಂದಿನ ದಿನವೇ ಫಲಕ ನೋಡಿಕೊಳ್ಳುವುದು ಒಳ್ಳೆಯದು.

ಈ ಕೆರೆ ತಾನಾಗಿ ಆದದ್ದಲ್ಲ. 1864ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಊರಾಚೆಯ ಹೊಲಗದ್ದೆಗಳಿಗೆ ನೀರು ಕೊಡಲೆಂದು ಕಟ್ಟಿಸಿದ್ದು. ಒಂದು ಕಾಲಕ್ಕೆ ಊರಿನವರು ಕುಡಿಯುತ್ತಿದ್ದುದೂ ಇದರ ನೀರನ್ನೇ. ಆಮೇಲೆ ಊರು ಬೆಳೆದು ಕೆರೆಯನ್ನು ನಾಲ್ಕೂ ಕಡೆಯಿಂದ ಸುತ್ತುವರಿಯಿತು. ನೀರು ಹರಡುವ ಜಾಗ ಸುಮಾರು 150 ಎಕರೆ, ಅತಿ ಆಳದ ಕಡೆ ಐದು ಮೀಟರ್ ಆಸುಪಾಸು. ಈಗ ಕೆರೆ ಮೈಸೂರು ವಿಶ್ವವಿದ್ಯಾನಿಲಯದ ಉಸ್ತುವಾರಿಯಲ್ಲಿದೆ. ದಡಕ್ಕೆ ಹೊಂದಿಕೊಂಡೇ ಮಾನಸಗಂಗೋತ್ರಿ ಇದೆ. ಕುವೆಂಪು ಅವರು ಉಪಕುಲಪತಿಗಳಾಗಿದ್ದಾಗ ರೂಪುಗೊಂಡು 1960ರಲ್ಲಿ ಶುರುವಾದ ಆವರಣ ಅದು. ಅದಕ್ಕೆ ಹೆಸರಿಟ್ಟವರೂ ಅವರೇ. ಕುವೆಂಪು ಅವರಿಗೆ ಈ ದಂಡೆಯ ನಡಿಗೆ ಬಲು ಪ್ರಿಯವಾಗಿತ್ತು. ಆರ್.ಕೆ. ನಾರಾಯಣ್ ಅವರೂ ಓಡಾಡಿದ ದಂಡೆ ಇದು. ಹಳೆಯ ಮೈಸೂರಿಗರು ಈಗಲೂ ಕುಕ್ಕನಹಳ್ಳಿ ಕೆರೆ ಎಂದೇ ಕರೆಯುತ್ತಾರೆ.

ಕಟ್ಟಿಸಿದ ಕೆರೆ ಎಂಬುದನ್ನು ಒತ್ತಿ ಹೇಳಲು ಕಾರಣವಿದೆ. ಹಕ್ಕಿ ನೋಡಲು ಹೋಗುವವರು ಮೊದಲು ಹಕ್ಕಿಯ ಹೆಸರು ಕಲಿಯಲು ಹೊರಡುತ್ತಾರೆ. ಮೊದಲು ಕಲಿಯಬೇಕಾದದ್ದು ಕೆರೆಯ ಅಂಗಾಂಗಗಳನ್ನು ಎಂಬುದು ನನ್ನ ಅಭಿಪ್ರಾಯ. ಅವು ಗೊತ್ತಾದರೆ ಯಾವ ಹಕ್ಕಿ ಎಲ್ಲಿರಬಹುದೆಂದು ನೋಡುವ ಮೊದಲೇ ಊಹಿಸಬಹುದು.

ನಮ್ಮ ಸೀಮೆಯ ಕೆರೆಗಳೆಲ್ಲ ಹೆಚ್ಚುಕಡಿಮೆ ಒಂದೇ ಲೆಕ್ಕದಲ್ಲಿ ಆದವು. ಇಳಿಜಾರಿನಲ್ಲಿ ಹರಿದು ಹೋಗುವ ಮಳೆನೀರಿಗೆ ಅಡ್ಡಲಾಗಿ ಮಣ್ಣಿನ ಏರಿ ಹಾಕುತ್ತಾರೆ. ನೀರಿನ ಅಲೆ ಮಣ್ಣನ್ನು ಕೊರೆಯದಂತೆ ಏರಿಯ ಒಳಮೈಗೆ ಕಲ್ಲು ಹೊದಿಸುತ್ತಾರೆ. ಬೇಕಾದಾಗ ನೀರು ಬಿಡಲು ತೂಬು, ತುಂಬಿದಾಗ ಹೆಚ್ಚಾದದ್ದು ಹರಿದುಹೋಗಲು ಕೋಡಿ. ಏರಿ ಇರುವುದು ತಗ್ಗಿನ ಕಡೆ, ಆದ್ದರಿಂದ ಆಳವೆಲ್ಲ ಏರಿಯ ಪಕ್ಕದಲ್ಲೇ. ಎದುರು ದಡಕ್ಕೆ, ಅಂದರೆ ಹಿನ್ನೀರಿನ ಕಡೆಗೆ, ಹೋದಷ್ಟೂ ನೀರು ತೆಳುವಾಗುತ್ತ, ಜೌಗಾಗುತ್ತ, ಕೊನೆಗೆ ಒಣನೆಲವಾಗುತ್ತದೆ. ಊಟದ ತಟ್ಟೆಯನ್ನು ಒಂದು ಕಡೆ ಎತ್ತಿ ಹಿಡಿದರೆ ಸಾರು ಇನ್ನೊಂದು ಅಂಚಿಗೆ ಸರಿದು ನಿಲ್ಲುವುದಿಲ್ಲವೇ, ಹಾಗೆ. ಈ ಓರೆಯೇ ಕೆರೆಯ ಜೀವ. ಒಂದು ಮೊಳ ನೀರಿನಲ್ಲಿ ಬದುಕುವ ಹಕ್ಕಿ ಬೇರೆ, ಒಂದು ಆಳು ನೀರಿನಲ್ಲಿ ಬದುಕುವ ಹಕ್ಕಿ ಬೇರೆ. ಕಾಲಿನ ಉದ್ದ, ಕೊಕ್ಕಿನ ಆಕಾರ, ಪಾದದ ಅಗಲ ಎಲ್ಲವೂ ನೀರಿನ ಆಳಕ್ಕೆ ತಕ್ಕಂತೆ ಇರುತ್ತವೆ. ಹೀಗಾಗಿ ಕೆರೆಯನ್ನು ಸುತ್ತುವವರು ಆಳದಿಂದ ತೆಳುವಿಗೆ, ತೆಳುವಿನಿಂದ ಕಾಡಿಗೆ, ಕಾಡಿನಿಂದ ಮತ್ತೆ ಆಳಕ್ಕೆ ಬರುತ್ತಾರೆ.

ಬೆಳಗ್ಗೆ ಹೋಗುವುದಾದರೆ ಊರ ಕಡೆಯ ಏರಿಯಿಂದ ಆರಂಭಿಸಿ. ಸೂರ್ಯ ಬೆನ್ನ ಹಿಂದೆ ಇರುತ್ತಾನೆ, ಬೆಳಕು ನೇರವಾಗಿ ನೀರಿನ ಮೇಲೆ, ಹಕ್ಕಿಗಳ ಮೇಲೆ ಬೀಳುತ್ತದೆ, ಗರಿಯ ಬಣ್ಣ ಸರಿಯಾಗಿ ಕಾಣುತ್ತದೆ. ದೇವಸ್ಥಾನಕ್ಕೆ ಸುತ್ತು ಬರುವ ಹಾಗೆ ಪ್ರದಕ್ಷಿಣೆಯಾಗಿ, ನೀರನ್ನು ಬಲಕ್ಕಿಟ್ಟುಕೊಂಡು ನಡೆಯಿರಿ. ಪಶ್ಚಿಮದ ದಡ ತಲುಪುವ ಹೊತ್ತಿಗೆ ಬಿಸಿಲೇರಿ, ನೀರಿನ ಕಡೆ ನೋಡಿದರೆ ಕಣ್ಣು ಕುಕ್ಕುತ್ತದೆ. ಅಲ್ಲಿ ನೀರಿನ ಕಡೆ ನೋಡುವ ಅಗತ್ಯವೇ ಇಲ್ಲ, ಎಡಗಡೆಯ ಮರಗಳನ್ನು ನೋಡಿದರಾಯಿತು. ಬಿಸಿಲು ಎಲೆಗಳ ಮೇಲೆ ಬಿದ್ದು, ಹುಳಹುಪ್ಪಟೆ ಚುರುಕಾಗಿ, ಮರದ ಹಕ್ಕಿಗಳು ಊಟಕ್ಕೆ ಇಳಿಯುವುದು ಅದೇ ಹೊತ್ತಿನಲ್ಲಿ. ಸಂಜೆ ಹೋಗುವವರು ಮಾನಸಗಂಗೋತ್ರಿಯ ಕಡೆಯಿಂದ ಶುರುಮಾಡಿ ಏರಿಯಲ್ಲಿ ಮುಗಿಸಲಿ. ಆಗ ಮುಳುಗುವ ಸೂರ್ಯನ ಎದುರು, ಗೂಡು ಸೇರಲು ಬರುವ ಬೆಳ್ಳಕ್ಕಿ, ನೀರುಕಾಗೆಗಳ ಸಾಲು ಕಾಣುತ್ತದೆ.

ಏರಿಯ ಮೇಲೆ ಮೊದಲು ಕಣ್ಣಿಗೆ ಬೀಳುವುದು ಹೆಜ್ಜಾರ್ಲೆ. ದೊಡ್ಡ ಬೂದು ಬಿಳಿ ಮೈ, ಉದ್ದ ಕೊಕ್ಕು, ಅದರ ಕೆಳಗೆ ಜೋಲುವ ಚೀಲ. ಅದು ಮೀನನ್ನು ಚುಚ್ಚುವುದಿಲ್ಲ, ನೀರಿನ ಸಮೇತ ಮೊಗೆಯುತ್ತದೆ. ಮೊಗೆದ ಮೇಲೆ ಕೊಕ್ಕನ್ನು ಎದೆಗೆ ಒತ್ತಿ ನೀರನ್ನೆಲ್ಲ ಬಸಿದು, ಆಮೇಲೆ ತಲೆ ಎತ್ತಿ ನುಂಗುತ್ತದೆ. ಈ ಬಸಿಯುವ ಕ್ಷಣಕ್ಕಾಗಿ ಕಾಯಿರಿ. ನಮ್ಮ ಸೀಮೆಯಲ್ಲಿ ಇವು ಕೊಕ್ಕರೆಬೆಳ್ಳೂರಿನ ಮನೆಗಳ ನಡುವಿನ ಮರಗಳಲ್ಲಿ, ರಂಗನತಿಟ್ಟಿನ ನಡುಗಡ್ಡೆಗಳಲ್ಲಿ ಗೂಡು ಕಟ್ಟುತ್ತವೆ. ಮೇವಿಗೆ ಮಾತ್ರ ಸುತ್ತಲ ಕೆರೆಗಳನ್ನೆಲ್ಲ ಅವಲಂಬಿಸಿವೆ. ರಂಗನತಿಟ್ಟು 2022ರಲ್ಲಿ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ, ಎಂದು ಘೋಷಣೆಯಾಯಿತು. ಗೂಡಿರುವ ಜಾಗವನ್ನಷ್ಟೇ ಕಾದರೆ ಹಕ್ಕಿ ಉಳಿಯುವುದಿಲ್ಲ, ಉಣ್ಣುವ ಕೆರೆಯೂ ಉಳಿಯಬೇಕು. ಕುಕ್ಕರಹಳ್ಳಿಯಂಥ ಕೆರೆಗಳ ಬೆಲೆ ಅರ್ಥವಾಗುವುದು ಇಲ್ಲಿಯೇ.

ಅದೇ ಆಳದ ನೀರಿನಲ್ಲಿ ನೀರುಕಾಗೆಯೂ ಇದೆ, ಹಾವಕ್ಕಿಯೂ ಇದೆ. ಎರಡೂ ಕಪ್ಪು, ಎರಡೂ ಮುಳುಗಿ ಮೀನು ಹಿಡಿಯುತ್ತವೆ, ಎರಡೂ ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸುತ್ತವೆ. ಹೊಸಬರು ಎಡವುವುದು ಇಲ್ಲೇ. ಕೊಕ್ಕು ನೋಡಿ. ನೀರುಕಾಗೆಯ ಕೊಕ್ಕಿನ ತುದಿ ಕೊಂಡಿಯ ಹಾಗೆ ಬಾಗಿರುತ್ತದೆ. ಅದು ಮೀನನ್ನು ಕಚ್ಚಿ ಹಿಡಿಯುತ್ತದೆ. ಹಾವಕ್ಕಿಯ ಕೊಕ್ಕು ನೇರ, ಚೂಪು. ಅದು ಮೀನನ್ನು ಇರಿಯುತ್ತದೆ. ಬಾತುಗಳ ಗರಿಗೆ ನೀರು ಅಂಟುವುದಿಲ್ಲ. ಹಾವಕ್ಕಿಯ ಗರಿ ನೀರನ್ನು ಹೀರಿಕೊಳ್ಳುತ್ತದೆ, ಅದರಿಂದ ಮೈ ಭಾರವಾಗಿ ಸಲೀಸಾಗಿ ಮುಳುಗುತ್ತದೆ. ಈಜುವಾಗ ಮೈಯೆಲ್ಲ ನೀರೊಳಗೆ, ಕತ್ತು ಮಾತ್ರ ಹೊರಗೆ. ಹಾವೇ ಈಜುತ್ತಿದೆ ಎನಿಸುತ್ತದೆ. ಹೀಗೆ ನೆನೆದ ರೆಕ್ಕೆಯನ್ನು ಒಣಗಿಸದೆ ಅದಕ್ಕೆ ಸರಿಯಾಗಿ ಹಾರಲಾಗದು. ಆದ್ದರಿಂದಲೇ ದಡದ ಕೊಂಬೆಯ ಮೇಲೆ ಕೂತು ರೆಕ್ಕೆ ಹರವಿಕೊಂಡಿರುತ್ತದೆ. ಆಗ ಹತ್ತಿರ ಹೋಗಿ ಹಾರಿಸಬೇಡಿ. ಏರಿಯ ಕಲ್ಲುಗಳ ಸಂದಿನ ಕಡೆಗೂ ಕಣ್ಣಿರಲಿ. ಗುಳುಮುಳುಕ ಎಂಬ ಪುಟ್ಟ ಹಕ್ಕಿ ಅಲ್ಲಿ ಮುಳುಗಿ, ನೀವು ಕಾಯುವ ಜಾಗ ಬಿಟ್ಟು ಇನ್ನೆಲ್ಲೋ ಏಳುತ್ತದೆ. ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಹಕ್ಕಿ ಇಲ್ಲ. ಎಲ್ಲಿ ಏಳುತ್ತದೆಂದು ಅವರೇ ಬೆರಳು ತೋರಿಸಿ ಪಂದ್ಯ ಕಟ್ಟುತ್ತಾರೆ.

ತೂಬು, ಕೋಡಿಗಳ ಬಗ್ಗೆ ಎರಡು ಮಾತು. ಹಳೆಯ ಕೆರೆಗಳ ತೂಬೆಂದರೆ ಏರಿಯ ಒಳಗಡೆ ನೀರಿನಲ್ಲಿ ನಿಂತ ಎರಡು ಕಲ್ಲುಕಂಬ, ಅವಕ್ಕೆ ಅಡ್ಡಪಟ್ಟಿ, ಕೆಳಗಿನ ಕಂಡಿಯನ್ನು ಮುಚ್ಚುವ ಒಂದು ಬೆಣೆ. ಬೆಣೆ ಎತ್ತಿದರೆ ನೀರು ಏರಿಯ ಅಡಿಯಿಂದ ಕಾಲುವೆಗೆ ಹೋಗುತ್ತದೆ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುತ್ತಿದ್ದವನು ನೀರಗಂಟಿ. ಈ ಕೆರೆಯ ನೀರು ನಂಬಿದ ಗದ್ದೆಗಳು ಈಗ ಬಡಾವಣೆಗಳಾಗಿವೆ, ಹಾಗಾಗಿ ಆ ಕೆಲಸವೂ ಉಳಿದಿಲ್ಲ. ಕೋಡಿಯ ಕೆಲಸ ಮಾತ್ರ ಇವತ್ತಿಗೂ ಮುಗಿದಿಲ್ಲ. ಏರಿಯ ಮೇಲಿಂದ ನೀರು ಉಕ್ಕಿದರೆ ಮಣ್ಣು ಕೊಚ್ಚಿಹೋಗಿ ಕೆರೆ ಒಡೆಯುತ್ತದೆ. ಹಾಗಾಗದಂತೆ ಏರಿಗಿಂತ ತಗ್ಗಿನಲ್ಲಿ ಒಂದು ಕಡೆ ಗಟ್ಟಿ ಕಲ್ಲುಕಟ್ಟಡ ಕಟ್ಟಿ ದಾರಿ ಬಿಟ್ಟಿರುತ್ತಾರೆ. ಕೋಡಿಯಿಂದಾಚೆಯ ಕಾಲುವೆಯನ್ನು ಮುಚ್ಚಿ ಮನೆ ಕಟ್ಟಿದರೆ ಮಳೆಗಾಲದಲ್ಲಿ ಆ ಮನೆಯೊಳಗೇ ನೀರು. ನಮ್ಮ ಎಲ್ಲ ಊರುಗಳಲ್ಲೂ ಇದೇ ಕಥೆ. ಮೈಸೂರಿನಲ್ಲೇ ದೊಡ್ಡಕೆರೆ ಮೈದಾನವಿದೆ. ದಸರಾ ವಸ್ತುಪ್ರದರ್ಶನಕ್ಕೆ ಹೋದವರೆಲ್ಲ ತುಳಿದ ನೆಲ. ಅದು ನಿಜವಾಗಿಯೂ ಕೆರೆಯಾಗಿತ್ತು.

ಏರಿ ಮುಗಿದು ದಾರಿ ತಿರುಗಿದಂತೆ ನೀರು ತೆಳುವಾಗುತ್ತ ಬರುತ್ತದೆ. ಜೊಂಡು, ಆಪು, ನೀರಿಗೆ ಬಾಗಿದ ಪೊದೆಗಳು ಶುರುವಾಗುತ್ತವೆ. ಈ ಭಾಗದಲ್ಲಿ ನಡಿಗೆ ಪೂರ್ತಿ ನಿಧಾನವಾಗಲಿ. ಸಾಧ್ಯವಾದರೆ ಒಂದೇ ಜಾಗದಲ್ಲಿ ಹದಿನೈದು ನಿಮಿಷ ಕೂತುಬಿಡಿ. ಮೊದಲ ಐದು ನಿಮಿಷ ಏನೂ ಇಲ್ಲವೆನಿಸುತ್ತದೆ. ನೀವು ಬಂದ ಸದ್ದಿಗೆ ಒಳಸರಿದ ಹಕ್ಕಿಗಳು ಆಮೇಲೆ ಒಂದೊಂದಾಗಿ ಹೊರಬರುತ್ತವೆ. ಮೊದಲು ಬರುವುದು ಬಿಳಿ ಎದೆಯ ಹುಂಡುಕೋಳಿ, ಬಾಲ ಕುಣಿಸುತ್ತ. ಆಮೇಲೆ ಹಣೆಗೆ ಬಿಳಿ ನಾಮವಿಟ್ಟ ಕಪ್ಪು ನಾಮದಕೋಳಿ. ಅದೃಷ್ಟವಿದ್ದರೆ ಕೆಂಪು ಕೊಕ್ಕಿನ ನೀಲಿ ಜಂಬುಕೋಳಿ ಜೊಂಡಿನ ದಂಟನ್ನು ಕೈಯಲ್ಲಿ ಹಿಡಿದಂತೆ ಕಾಲಲ್ಲಿ ಹಿಡಿದು ತಿನ್ನುವುದು ಕಾಣಸಿಗುತ್ತದೆ.

ತೇಲುವ ಎಲೆಗಳ ಮೇಲೆ ಓಡಾಡುವ ಹಕ್ಕಿ ಕಂಡರೆ ಅದು ದೇವನಕ್ಕಿ. ಬೆರಳುಗಳು, ಉಗುರುಗಳು ಮೈಗೆ ಹೋಲಿಸಿದರೆ ವಿಪರೀತ ಉದ್ದ. ತೂಕ ಅಷ್ಟಗಲಕ್ಕೆ ಹಂಚಿಹೋಗುವುದರಿಂದ ಎಲೆ ಮುಳುಗುವುದಿಲ್ಲ. ಇವುಗಳ ಸಂಸಾರವೂ ವಿಶೇಷ. ಹೆಣ್ಣು ಮೊಟ್ಟೆಯಿಟ್ಟು ಇನ್ನೊಂದು ಗಂಡಿನ ಬಳಿಗೆ ಹೋಗುತ್ತದೆ. ಕಾವು ಕೊಟ್ಟು ಮರಿ ಮಾಡಿ ಸಾಕುವುದೆಲ್ಲ ಗಂಡಿನ ಕೆಲಸ. ತೇಲುವ ಎಲೆಯ ಮೇಲಿನ ಗೂಡು ಯಾವಾಗ ಬೇಕಾದರೂ ಹಾಳಾಗಬಹುದು. ಅಂಥ ಕಡೆ ಹೆಣ್ಣು ಬೇಗ ಬೇಗ ಮೊಟ್ಟೆಯಿಡಲು ಬಿಡುವಾಗಿರುವುದು ಆ ಜಾತಿಗೆ ಅನುಕೂಲ.

ಮೊಣಕಾಲು ಮಟ್ಟದ ನೀರಿನಲ್ಲಿ ಬಣ್ಣದ ಕೊಕ್ಕರೆ ನಿಂತಿರುತ್ತದೆ. ಕೊಕ್ಕನ್ನು ಅರ್ಧ ತೆರೆದು ನೀರಿಗಿಳಿಸಿ ಅತ್ತಿತ್ತ ಬೀಸುತ್ತ ನಡೆಯುತ್ತದೆ. ಅದು ಮೀನನ್ನು ಕಣ್ಣಿನಿಂದ ಹುಡುಕುತ್ತಿಲ್ಲ. ಕೊಕ್ಕಿಗೆ ಮೀನು ತಗುಲಿದ ಕೂಡಲೇ ಪಟ್ಟನೆ ಮುಚ್ಚಿಕೊಳ್ಳುತ್ತದೆ. ಹೀಗಾಗಿ ಕದಡಿದ ನೀರಿನಲ್ಲೂ ಅದಕ್ಕೆ ಊಟ ಸಿಗುತ್ತದೆ. ಪಕ್ಕದಲ್ಲೇ ಬಾಯ್ಕಳಕ ಇದ್ದರೆ ಅದರ ಕೊಕ್ಕನ್ನು ಸರಿಯಾಗಿ ನೋಡಿ. ಮುಚ್ಚಿದರೂ ನಡುವೆ ಸಂದು ಉಳಿದಿರುತ್ತದೆ. ನೀರಿನ ಬಸವನಹುಳುಗಳನ್ನು ಚಿಪ್ಪಿನಿಂದ ಬಿಡಿಸಿ ತಿನ್ನುವ ಹಕ್ಕಿ ಅದು, ಕೊಕ್ಕು ಆ ಕೆಲಸಕ್ಕೆ ಒಗ್ಗಿದೆ. ಒಂದೇ ಕೆರೆ, ಒಂದೇ ಅಂಚು, ಹಲವು ಹಕ್ಕಿ, ಹಲವು ಬಗೆಯ ಊಟ. ಒಂದರ ತಟ್ಟೆಗೆ ಇನ್ನೊಂದು ಕೈ ಹಾಕುವುದಿಲ್ಲ.

ಜೊಂಡು ಹಕ್ಕಿಗೆ ಮರೆಯಷ್ಟೇ ಅಲ್ಲ, ಕೆರೆಗೆ ಶೋಧಕವೂ ಹೌದು. ಮಳೆನೀರು ರಭಸದಿಂದ ಬಂದು ಜೊಂಡಿಗೆ ತಾಗಿ ನಿಧಾನವಾಗುತ್ತದೆ, ಹೊತ್ತು ತಂದ ಮಣ್ಣು ಅಲ್ಲೇ ಕೂರುತ್ತದೆ. ನೀರಿನಲ್ಲಿ ಕರಗಿ ಬಂದ ಸಾರಜನಕ, ರಂಜಕಗಳನ್ನು ಗಿಡಗಳು ಹೀರುತ್ತವೆ. ಬೇರುಗಳ ಸುತ್ತ ಬೆಳೆಯುವ ಸೂಕ್ಷ್ಮಜೀವಿಗಳು ಕೊಳೆಯನ್ನು ಕರಗಿಸುತ್ತವೆ. ಈ ಶೋಧಕಕ್ಕೂ ಒಂದು ಮಿತಿಯಿದೆ. ಪಡುವಾರಹಳ್ಳಿ ಕಡೆಯ ಕೊಳಚೆ ವರ್ಷಗಟ್ಟಲೆ ಈ ಕೆರೆಗೆ ಸೇರುತ್ತಿದ್ದುದು ಮೈಸೂರಿಗರಿಗೆಲ್ಲ ತಿಳಿದದ್ದೇ. ಅದನ್ನು ತಡೆಯಲು ನಾಗರಿಕರು ಹೋರಾಡಿದ್ದೂ ಗೊತ್ತು. ಇನ್ನೊಂದು ಕಡೆ, ದಿವಾನ್ ಪೂರ್ಣಯ್ಯನವರ ಹೆಸರಿನ ನಾಲೆಯ ಮೂಲಕ ಮೇಲಿಂದ ಬರುತ್ತಿದ್ದ ಮಳೆನೀರಿನ ದಾರಿ ಒತ್ತುವರಿಯಿಂದ ಅಲ್ಲಲ್ಲಿ ಕಡಿದುಹೋಯಿತು. ಒಳ್ಳೆಯ ನೀರು ಬರುವುದು ಕಡಿಮೆಯಾಗಿ, ಕೆಟ್ಟ ನೀರು ಬರುವುದು ಹೆಚ್ಚಾದರೆ ಕೆರೆ ಏನು ಮಾಡೀತು?

ಕೊಳಚೆ ಬಂದರೆ ಏನಾಗುತ್ತದೆಂದು ನೀವೇ ಕಣ್ಣಾರೆ ಕಂಡು ತಿಳಿಯಬಹುದು. ನೀರು ಹಸಿರು ಬಣ್ಣದ ಗಂಜಿಯಂತೆ ಕಂಡರೆ ಅದು ಪಾಚಿ, ಅಂದರೆ ನೀರಿನಲ್ಲಿ ಗೊಬ್ಬರ ವಿಪರೀತವಾಗಿದೆ. ಹಗಲಿನಲ್ಲಿ ಪಾಚಿ ಬಿಸಿಲಿಗೆ ಆಮ್ಲಜನಕ ಬಿಡುತ್ತದೆ, ರಾತ್ರಿ ತಾನೇ ಅದನ್ನು ಉಸಿರಾಡುತ್ತದೆ. ಸತ್ತ ಪಾಚಿ ಕೊಳೆಯುವಾಗಲೂ ಆಮ್ಲಜನಕ ಖರ್ಚಾಗುತ್ತದೆ. ಹೀಗಾಗಿ ನೀರಿನಲ್ಲಿ ಆಮ್ಲಜನಕ ಅತ್ಯಂತ ಕಡಿಮೆ ಇರುವುದು ಬೆಳಕು ಹರಿಯುವ ಮುಂಚೆ. ನಸುಕಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದರೆ ಅವು ಆಟವಾಡುತ್ತಿಲ್ಲ, ಉಸಿರಿಗೆ ಒದ್ದಾಡುತ್ತಿವೆ. ಅಂಥದ್ದು ಕಂಡರೆ ಕಾವಲುಗಾರರಿಗೆ ತಿಳಿಸಿ, ದಿನಾಂಕ, ಜಾಗ ಕಾಣುವಂತೆ ಫೋಟೊ ತೆಗೆದಿಟ್ಟುಕೊಳ್ಳಿ. ನೇರಳೆ ಹೂವಿನ ನೀರು ಹಯಸಿಂತ್ ಕೂಡ ಇದೇ ಕಾಯಿಲೆಯ ಲಕ್ಷಣ. ದಕ್ಷಿಣ ಅಮೆರಿಕದಿಂದ ಅಲಂಕಾರಕ್ಕೆಂದು ತಂದ ಗಿಡ ಇದು. ತೊಟ್ಟಿನೊಳಗೆ ಗಾಳಿ ತುಂಬಿಕೊಂಡು ತೇಲುತ್ತದೆ, ಕೊಳೆ ನೀರು ಸಿಕ್ಕರೆ ನೋಡನೋಡುತ್ತ ಕೆರೆಯನ್ನೇ ಮುಚ್ಚುತ್ತದೆ. ಅದರ ಹೂವು ಚೆಂದ. ಆದರೆ ಹೂವು ನೋಡಿ ಸಂತೋಷಪಡುವಂತಿಲ್ಲ. ಕಿತ್ತು ಹಾಕಿದರೂ ಕೊಳಚೆ ನಿಲ್ಲಿಸದಿದ್ದರೆ ಮತ್ತೆ ಬರುತ್ತದೆ.

ಇಲ್ಲಿಂದ ಮುಂದೆ ಮರಗಳ ದಾರಿ. ಮಾನಸಗಂಗೋತ್ರಿಯ ಹಸಿರು ಕೆರೆಯ ದಡಕ್ಕೆ ಬಂದು ಕೂಡುವ ಕಡೆ ನೆಲದ ತುಂಬ ಒಣ ಎಲೆ, ತಲೆಯ ಮೇಲೆ ಕೊಂಬೆಗಳ ಚಪ್ಪರ. ಕಾಡೂ ನೀರೂ ಕೂಡುವ ಇಂಥ ಅಂಚುಗಳಲ್ಲಿ ಎರಡೂ ಕಡೆಯ ಜೀವಿಗಳು ಸೇರುತ್ತವೆ. ಇಲ್ಲಿ ಕಿವಿಗೆ ಹೆಚ್ಚು ಕೆಲಸ. ಕಂಚುಗಾರ ಬಡಿದಂತೆ ಟಂಕ್ ಟಂಕ್ ಎಂದು ಒಂದೇ ಲಯದಲ್ಲಿ ಕೇಳಿಸಿದರೆ ಅದು ಕಂಚುಕುಟಿಗ. ಗಂಭೀರವಾಗಿ ಊಪ್ ಊಪ್ ಎಂದು ಪೊದೆಯೊಳಗಿಂದ ಬಂದರೆ ಕೆಂಬೂತ. ಹತ್ತಾರು ಹಕ್ಕಿಗಳ ದನಿಯನ್ನು ಒಂದೇ ಹಕ್ಕಿ ಹಾಡುತ್ತಿದ್ದರೆ ಕಾಜಾಣವಿರಬಹುದು. ಆಲ, ಅತ್ತಿ ಜಾತಿಯ ಮರ ಹಣ್ಣು ಬಿಟ್ಟಿರುವುದು ಕಂಡರೆ ಅದರಡಿ ನಿಂತುಬಿಡಿ. ಇಂಥ ಒಂದು ಮರ ಹಣ್ಣಾದರೆ ಸುತ್ತಲಿನ ಪಿಕಳಾರ, ಗೊರವಂಕ, ಕೋಗಿಲೆ, ಕಂಚುಕುಟಿಗಗಳಿಗೆಲ್ಲ ಕರೆ ಹೋದಂತೆಯೇ. ನೀವು ಹುಡುಕಿಕೊಂಡು ಹೋಗುವುದು ಬೇಡ, ಅವೇ ಬರುತ್ತವೆ.

ಮಳೆ ಮುಗಿದ ಅಕ್ಟೋಬರ್, ನವೆಂಬರ್‌ನಲ್ಲಿ ಈ ಮರೆಗಳಲ್ಲಿ ನವರಂಗವನ್ನು ಹುಡುಕಿ. ಹಿಮಾಲಯದ ತಪ್ಪಲು, ಮಧ್ಯಭಾರತಗಳಲ್ಲಿ ಮರಿ ಮಾಡಿ ಚಳಿಗಾಲಕ್ಕೆ ದಕ್ಷಿಣಕ್ಕೆ ಬರುವ ಮೋಟುಬಾಲದ ಬಣ್ಣಬಣ್ಣದ ಹಕ್ಕಿ ಅದು. ನೆಲದ ಎಲೆಗಳನ್ನು ಕೆದಕಿ ಹುಳ ತಿನ್ನುತ್ತದೆ. ಬೆಳಗಿನ ಜಾವ, ಮುಸ್ಸಂಜೆ ಎರಡು ಸ್ವರದಲ್ಲಿ ಸಿಳ್ಳೆ ಹಾಕುತ್ತದೆ. ಅದಕ್ಕೆ ಬೇಕಾಗಿರುವುದು ಗುಡಿಸದೆ ಬಿಟ್ಟ ಎಲೆ. ನಡೆಯುವ ದಾರಿಯಲ್ಲಿ ಎಲೆ ಗುಡಿಸಲಿ, ಮರದಡಿಯ ಎಲೆಯನ್ನು ಗುಡಿಸಿ ಸುಟ್ಟರೆ ಆ ಹಕ್ಕಿಯ ಅನ್ನ ಹೋಯಿತು.

ನೀರಿನ ಕಡೆ ಚಾಚಿದ ಒಣಕೊಂಬೆಗಳನ್ನೂ ಬಿಡಬೇಡಿ. ಮಿಂಚುಳ್ಳಿಗೆ ಅದೇ ಗದ್ದುಗೆ. ಎಲೆ ದಟ್ಟವಾಗಿರುವ ಮರದಲ್ಲಿ ಹಗಲೆಲ್ಲ ಮುದುರಿ ಕೂತ ಬೂದುಬಣ್ಣದ ಕೆಂಗಣ್ಣಿನ ಹಕ್ಕಿ ಕಂಡರೆ ಇರುಳು ಬಕ. ನೀವು ಮನೆಗೆ ಹೊರಡುವ ಮುಸ್ಸಂಜೆಗೆ ಅದು ಕೆಲಸಕ್ಕೆ ಹೊರಡುತ್ತದೆ.

ಯಾವ ಕಾಲಕ್ಕೆ ಹೋಗಬೇಕು? ಮೈಸೂರಿಗೆ ಹೆಚ್ಚು ಮಳೆ ಬೀಳುವುದು ಮೇ ತಿಂಗಳಲ್ಲಿ ಮತ್ತು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ. ಅಕ್ಟೋಬರ್ ಕೊನೆಗೆ ಕೆರೆ ತುಂಬಿ ನೋಡಲು ಬಲು ಚೆಂದ, ಆದರೆ ತೆಳುನೀರಿನ ಹಕ್ಕಿಗಳಿಗೆ ನಿಲ್ಲಲು ಜಾಗ ಕಡಿಮೆ. ನವೆಂಬರ್‌ನಿಂದ ಫೆಬ್ರವರಿವರೆಗೆ ವಲಸೆ ಹಕ್ಕಿಗಳ ಕಾಲ. ಉತ್ತರದ ದೂರದೇಶಗಳಿಂದ ಬಾತುಗಳು, ಕವಲುತೋಕೆಗಳು, ಸಿಪಿಲೆಗಳು ನಮ್ಮ ಕೆರೆಗಳಿಗೆ ಬರುತ್ತವೆ. ಹೊಸಬರಿಗೆ ನಾನು ಹೇಳುವುದು ಜನವರಿ, ಫೆಬ್ರವರಿ: ನೀರು ಒಂದಿಷ್ಟು ಇಳಿದು ಅಂಚು ಬಯಲಾಗಿರುತ್ತದೆ, ವಲಸೆ ಬಂದವು ಇನ್ನೂ ಹೊರಟಿರುವುದಿಲ್ಲ, ಚಳಿಯೂ ಹಿತ. ಮಾರ್ಚ್, ಏಪ್ರಿಲ್‌ನಲ್ಲಿ ಬಿಸಿಲು ಹೆಚ್ಚು. ಏಳೂವರೆಯೊಳಗೆ ಸುತ್ತಿನ ಅರ್ಧ ಮುಗಿದಿರಬೇಕು. ಆದರೆ ನೀರು ತೀರಾ ಇಳಿದು ಮೀನು ಒಂದೆಡೆ ಸೇರಿದಾಗ ಕೊಕ್ಕರೆ, ಹೆಜ್ಜಾರ್ಲೆಗಳ ಸಂತೆ ನೆರೆಯುವುದು ಆಗಲೇ.

ಸಾಮಾನು ಹೆಚ್ಚು ಬೇಡ. ದುರ್ಬೀನು ಇದ್ದರೆ ಸುತ್ತಿನ ಸ್ವಾರಸ್ಯ ಇಮ್ಮಡಿ. ಕೊಳ್ಳುವಾಗ ಅದರ ಮೇಲೆ 8×42 ಎಂದೋ 10×50 ಎಂದೋ ಬರೆದಿರುತ್ತದೆ. ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು. ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಬಿಂಬದ ಅಗಲ ಸಿಗುತ್ತದೆ, 8×42ರಲ್ಲಿ ಅದು ಐದು ಮಿಲಿಮೀಟರ್‌ಗಿಂತ ತುಸು ಹೆಚ್ಚು. ನಸುಕಿನ ಮಬ್ಬಿಗೆ ಅಷ್ಟು ಸಾಕು. ಹತ್ತು ಪಟ್ಟಿನದಕ್ಕೆ ಆಸೆಪಡಬೇಡಿ. ಕೈ ನಡುಗುವುದೂ ಹತ್ತು ಪಟ್ಟಾಗುತ್ತದೆ, ನೋಟದ ಹರವೂ ಕಿರಿದು. ಪುಸ್ತಕಕ್ಕೆ ಪೂರ್ಣಚಂದ್ರ ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ಇದೆ. ಹಕ್ಕಿಯ ಕನ್ನಡ ಹೆಸರು ಬಾಯಲ್ಲಿ ನಿಲ್ಲಬೇಕೆಂದರೆ ಅಂಥದ್ದೊಂದು ಮನೆಯಲ್ಲಿರಬೇಕು. ಮೊಬೈಲಿನಲ್ಲಿ ಇ-ಬರ್ಡ್ ಎಂಬ ಆ್ಯಪ್ ಹಾಕಿಕೊಂಡರೆ ನೀವು ಕಂಡದ್ದನ್ನು ದಿನಾಂಕ, ಜಾಗ ಸಮೇತ ಬರೆದಿಡಬಹುದು. ಮಂಕು ಬಣ್ಣದ ಬಟ್ಟೆ, ತುಂಬುತೋಳು, ಟೋಪಿ, ಒಂದು ಬಾಟಲಿ ನೀರು, ಸದ್ದು ಮಾಡದ ಶೂ. ಇಷ್ಟೇ.

ಕೆಲವು ಎಚ್ಚರಗಳು. ದಾರಿ ಬಿಟ್ಟು ಪೊದೆಗೆ ಇಳಿಯಬೇಡಿ. ನೀರಂಚಿನಲ್ಲಿ ಕಾಣುವ ನೀರುಹಾವು ವಿಷದ್ದಲ್ಲ, ಒಣ ಎಲೆಯಲ್ಲಿ ಮಲಗಿರಬಹುದಾದ ಮಂಡಲದ ಹಾವು ಮಾತ್ರ ಪ್ರಾಣಕ್ಕೆ ಅಪಾಯ. ಮೀನಿಗೆ ಬ್ರೆಡ್ಡು, ಪುರಿ ಎಸೆಯಬೇಡಿ. ಪುಣ್ಯ ಬರುತ್ತದೆಂದು ಎಸೆದದ್ದರಲ್ಲಿ ಮೀನು ತಿಂದು ಮಿಕ್ಕಿದ್ದು ಕೊಳೆತು, ಮೇಲೆ ಹೇಳಿದ ಪಾಚಿಗೇ ಗೊಬ್ಬರವಾಗುತ್ತದೆ. ಪೂಜೆಯ ಹೂವು, ಗಣಪತಿ, ಪ್ಲಾಸ್ಟಿಕ್ ಕವರಿನ ಸಮೇತ ನೀರಿಗೆ ಬಿಡುವ ಹರಕೆ ಯಾವುದೂ ಬೇಡ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವವರನ್ನು ಈಚೆಗೆ ನೋಡುತ್ತಿದ್ದೇನೆ. ಗೂಡು ಕಟ್ಟುವ ಕಾಲದಲ್ಲಿ ತನ್ನ ಜಾಗಕ್ಕೆ ಇನ್ನೊಂದು ಗಂಡು ಬಂದಿತೆಂದು ಹಕ್ಕಿ ಮೊಟ್ಟೆ ಬಿಟ್ಟು ಜಗಳಕ್ಕೆ ಬರುತ್ತದೆ. ಒಂದು ಫೋಟೊಗಾಗಿ ಅಷ್ಟು ಮಾಡಬಾರದು. ಸ್ಪೀಕರಿನಲ್ಲಿ ಭಕ್ತಿಗೀತೆ ಹಾಕಿಕೊಂಡು ನಡೆಯುವ ಹಿರಿಯರಿಗೂ ಕೈಮುಗಿದು ಹೇಳುವುದು ಇದನ್ನೇ: ಇಯರ್‌ಫೋನಿನಲ್ಲಿ ಕೇಳಿ ಸ್ವಾಮಿ.

ಕೊನೆಗೆ, ನನಗೆ ತುಂಬಾ ಮುಖ್ಯವೆನಿಸುವ ವಿಷಯ. ಊರೂರುಗಳಲ್ಲಿ ಕೆರೆ ಅಭಿವೃದ್ಧಿಯ ಹೆಸರಿನಲ್ಲಿ ಮೊದಲು ಮಾಡುವ ಕೆಲಸ, ಹಿನ್ನೀರಿನ ಜೌಗನ್ನು ಅಗೆದು ಮಣ್ಣೆತ್ತಿ, ಕೆರೆಯ ಸುತ್ತಲೂ ಒಂದೇ ಆಳ ಮಾಡಿ, ಕಡಿದಾದ ಕಲ್ಲುಗೋಡೆ ಕಟ್ಟುವುದು. ನೀರು ಹೆಚ್ಚು ನಿಲ್ಲುತ್ತದೆ, ನೋಡಲು ಶುಭ್ರ, ದೀಪ ಹಾಕಿದರೆ ಫೋಟೊಗೂ ಚೆಂದ. ಆದರೆ ಆ ಕೆರೆಯಲ್ಲಿ ಬಣ್ಣದ ಕೊಕ್ಕರೆಗೆ ನಿಲ್ಲಲು ನೆಲವಿಲ್ಲ, ಹುಂಡುಕೋಳಿಗೆ ಮರೆಯಿಲ್ಲ, ದೇವನಕ್ಕಿಗೆ ಎಲೆಯಿಲ್ಲ, ಕೊಳೆ ಸೋಸಲು ಜೊಂಡಿಲ್ಲ. ಹೂಳೆತ್ತಬೇಕಾದದ್ದು ನಿಜ. ಎತ್ತುವುದು ಏರಿಯ ಪಕ್ಕದ ಆಳದಲ್ಲಿ ಎತ್ತಲಿ. ಹಿನ್ನೀರಿನ ಓರೆಯನ್ನು ಓರೆಯಾಗಿಯೇ ಬಿಡಲಿ. ಅದು ಹಾಳುಬಿದ್ದ ಜಾಗವೆಂದು ಯಾರಾದರೂ ಹೇಳಿದರೆ, ಅವರನ್ನು ಒಂದು ಬೆಳಗ್ಗೆ ಕರೆತಂದು ಆ ಅಂಚಿನಲ್ಲಿ ಹದಿನೈದು ನಿಮಿಷ ಕೂರಿಸಿ.

ಪ್ರತಿ ಜನವರಿಯಲ್ಲಿ ಏಷ್ಯಾದ ಜಲಪಕ್ಷಿ ಗಣತಿ ನಡೆಯುತ್ತದೆ. 1987ರಿಂದ ನಡೆದು ಬಂದಿರುವ ಈ ಎಣಿಕೆಯನ್ನು ಮಾಡುವವರು ಬಹುಪಾಲು ನಮ್ಮ ನಿಮ್ಮಂಥ ಹವ್ಯಾಸಿಗಳು. ಹತ್ತು ಹಕ್ಕಿಗಳನ್ನು ತಪ್ಪಿಲ್ಲದೆ ಗುರುತಿಸಬಲ್ಲಿರಾದರೆ ಅನುಭವಿಗಳ ಜೊತೆ ನೀವೂ ಸೇರಬಹುದು. ಕುಕ್ಕರಹಳ್ಳಿ ನಿಮಗೆ ದೂರವಾದರೆ ನಿಮ್ಮೂರಿನ ಕೆರೆಯೇ ಆಗಲಿ. ಅಲ್ಲೂ ಒಂದು ಏರಿ, ಒಂದು ತೂಬು, ಒಂದು ಕೋಡಿ, ಎದುರಿಗೆ ತೆಳುನೀರಿನ ಹಿನ್ನೀರು ಇರುತ್ತದೆ. ಮುಂದಿನ ಭಾನುವಾರ ಬೆಳಗ್ಗೆ ಸೂರ್ಯ ಮೂಡುತ್ತಲೇ ಏರಿಯ ಮೇಲೆ ಅವನಿಗೆ ಬೆನ್ನು ಹಾಕಿ ನಿಂತು, ಕಂಡದ್ದನ್ನೆಲ್ಲ ಬರೆದುಕೊಳ್ಳಿ.